ಗಿಡ್ಡವಾದ ಗಡಿಮರಗಳು

ಮರ ಗಿಡ್ಡವಾಗಿತ್ತು.

ಅರ್ಲೀನ್ ಟೊರ್ವಿಕ್ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಒಮ್ಮೆ ಚಿತ್ರ ನೋಡಿದಳು, ಒಮ್ಮೆ ಎದುರಿಗಿದ್ದ ಮರ ನೋಡಿದಳು. ಎರಡೂ ಒಂದೇ ಮರ, ಅನುಮಾನವಿಲ್ಲ. ಕ್ರಿಸ್‌ಮಸ್ ಮುಗಿದ ಮೇಲೆ ಯಾರದೋ ಮನೆಯಿಂದ ಹೊರಬಿದ್ದ ಮರ. ಬಿಡಿಸಲು ಬೇಜಾರಾಗಿ ಬಿಟ್ಟ ಬೆಳ್ಳಿ ಬಣ್ಣದ ಜರಿ ಇನ್ನೂ ತುದಿಗೆ ಸುತ್ತಿಕೊಂಡಿತ್ತು. ಚಿತ್ರದಲ್ಲಿ ಗವರ್ನರ್ ಬರ್ಟನ್ ಕ್ರೇಲ್ ಒಂದು ಮೊಳದ ಮೀನು ಎತ್ತಿ ಹಿಡಿದು ಹಲ್ಲು ಬಿಡುತ್ತಿದ್ದರು. ಹಿಂದೆ ಇದ್ದ ಆ ಜರಿ ಅವರ ಟೋಪಿಗಿಂತ ಮೇಲಿತ್ತು. ಕ್ರೇಲ್ ಸಣ್ಣ ಆಳಲ್ಲ, ಬಾಗಿಲಲ್ಲಿ ತಲೆ ಬಗ್ಗಿಸಿ ನಡೆಯುವವರು. ಈಗ ಅದೇ ಜರಿ ಅರ್ಲೀನಳ ಭುಜಕ್ಕೆ ಬರುತ್ತಿತ್ತು.

ಕಡಿದ ಮರ ಬೆಳೆಯುವುದಿಲ್ಲ, ಒಪ್ಪೋಣ. ಕುಗ್ಗುವುದೂ ಇಲ್ಲವಲ್ಲ.

ಪಕ್ಕದ ಮರ ನೋಡಿದಳು, ಅದರ ಪಕ್ಕದ್ದೂ ನೋಡಿದಳು. ಹೆಪ್ಪುಗಟ್ಟಿದ ನದಿಯ ಮೇಲೆ ಸೇತುವೆಯಿಂದ ಕೆಳಗಿನ ತಿರುವಿನವರೆಗೆ ಸಾಲಾಗಿ ನಿಂತಿದ್ದ ಮರಗಳದ್ದೆಲ್ಲ ಅದೇ ಕಥೆ. ಪ್ರತಿಯೊಂದರಲ್ಲೂ ಬುಡದ ಒಂದು ಸುತ್ತು ಕೊಂಬೆ ನಾಪತ್ತೆ. ಹೋದ ವಾರ ಅಳತೆಗೆ ಬಂದಾಗ ಇದು ಕಣ್ಣಿಗೆ ಬೀಳಲಿಲ್ಲವೇ? ಬೀಳಲಿಲ್ಲ. ಕಣ್ಣೆಲ್ಲ ಅಳತೆಯ ಯಂತ್ರದ ಮೇಲಿತ್ತು. ಯಂತ್ರ ಪಾಪ ಸುಳ್ಳು ಹೇಳಲಿಲ್ಲ. ಮರದ ಸಾಲು ಸರಿಯಾಗಿ ರಾಜ್ಯದ ಗಡಿಯ ಮೇಲೆ ನಿಂತಿದೆ ಎಂದಿತು. ಅವಳು ಹಾಗೆಯೇ ಬರೆದು ಸಹಿ ಹಾಕಿದಳು.

ಆ ವರದಿಯಿಂದಾಗಿ ಐವಾ ಲೂಬಿಕ್ ಮತ್ತೆ ಜೈಲು ಸೇರಿದಳು.

ಈ ರಾಜ್ಯದ ಸಂವಿಧಾನ ಕುದುರೆಗಾಡಿ ಕಾಲದ್ದು. ಗವರ್ನರ್ ಗಡಿ ದಾಟಿದ ಗಳಿಗೆಯಿಂದ ವಾಪಸು ಬರುವ ತನಕ ಅವರ ಅಧಿಕಾರವೆಲ್ಲ ಉಪ ಗವರ್ನರ್ ಕೈಗೆ ಹೋಗುತ್ತದೆ. ಇಬ್ಬರನ್ನೂ ಜನ ಬೇರೆ ಬೇರೆಯಾಗಿ ಆರಿಸುತ್ತಾರೆ. ಈಗ ಇಬ್ಬರದೂ ಬೇರೆ ಪಕ್ಷ, ಎಣ್ಣೆ ಸೀಗೆಕಾಯಿ ಸಂಬಂಧ. ಫೆಬ್ರವರಿಯ ಒಂದು ಶನಿವಾರ ಗವರ್ನರ್ ಕ್ರೇಲ್ ಇಲ್ಲಿ ನದಿಯ ಮೇಲೆ ಗುಡಿಸಲು ಹಾಕಿಸಿಕೊಂಡು, ಮಂಜುಗಡ್ಡೆಗೆ ತೂತು ಕೊರೆದು ಮೀನು ಹಿಡಿಯುತ್ತಾ ಕೂತಿದ್ದರು. ಅದೇ ಹೊತ್ತಿಗೆ ರಾಜಧಾನಿಯಲ್ಲಿ ಉಪ ಗವರ್ನರ್ ಮಾರ್ವಾ ಪ್ರೆಂಟಿಸ್, ಗವರ್ನರ್ ಗಡಿಯಾಚೆ ಇದ್ದಾರೆ ಎಂದು ಹೇಳಿ ಐವಾ ಲೂಬಿಕ್‌ಗೆ ಕ್ಷಮಾದಾನದ ಸಹಿ ಹಾಕಿದರು.

ಐವಾ ಮಾಡಿದ ತಪ್ಪಾದರೂ ಏನು? ನೀರು ಪರೀಕ್ಷೆ ಮಾಡುವ ಸರ್ಕಾರಿ ಪ್ರಯೋಗಾಲಯದಲ್ಲಿದ್ದಳು. ಒಂದು ಊರಿನ ನಲ್ಲಿ ನೀರಿನಲ್ಲಿ ಸೀಸ ಇದೆ ಎಂಬ ವರದಿಯನ್ನು ಗವರ್ನರ್ ಕಚೇರಿ ತಿಂಗಳುಗಟ್ಟಲೆ ಮುಚ್ಚಿಟ್ಟುಕೊಂಡು ಕೂತಿತ್ತು. ಇವಳು ಅದನ್ನು ಪತ್ರಿಕೆಗೆ ಕೊಟ್ಟಳು. ಸರ್ಕಾರದ ಕಾಗದ ಕದ್ದಳೆಂದು ಜೈಲಾಯಿತು.

ನಾನು ಗಡಿ ದಾಟಿಯೇ ಇರಲಿಲ್ಲ, ಸಹಿ ನಡೆಯುವುದಿಲ್ಲ ಎಂದು ಕ್ರೇಲ್ ಗುಡುಗಿದರು. ಹಾಗಾದರೆ ನಿಮ್ಮ ಫೋನು, ಕಾರು ಅಂದು ಎಲ್ಲಿದ್ದವು ತೋರಿಸಿ ಎಂದು ಶಾಸನಸಭೆಯ ಸಮಿತಿ ಕೇಳಿತು. ಗವರ್ನರ್ ಎಲ್ಲಿಗೆ ಹೋದರು ಬಂದರು ಎಂದು ಕೇಳಲು ನೀವು ಯಾರು ಎಂದರು ಕ್ರೇಲ್. ಅವರ ಪಕ್ಷದವರು ಮೇಜು ಕುಟ್ಟಿದರು, ಎದುರು ಪಕ್ಷದವರು ಜನರಿಗೆ ತಿಳಿಯುವ ಹಕ್ಕಿದೆ ಎಂದು ಕಣ್ಣೀರು ಹಾಕಿದರು. ಹಿಂದಿನ ಗವರ್ನರ್ ಕಾಲದಲ್ಲಿ ಇದೇ ಜಗಳ ನಡೆದಾಗ ಮೇಜು ಕುಟ್ಟಿದವರು ಇವರು, ಕಣ್ಣೀರು ಹಾಕಿದವರು ಅವರು. ಭಾಷಣ ಮಾತ್ರ ಅದಲು ಬದಲಾಗಿತ್ತು, ಒಂದಕ್ಷರ ಹೆಚ್ಚು ಕಡಿಮೆಯಿಲ್ಲ.

ಕೊನೆಗೆ ಉಳಿದದ್ದು ಗವರ್ನರ್ ತಾವೇ ಜಂಬಕ್ಕೆ ಹಾಕಿಕೊಂಡ ಈ ಮೀನಿನ ಚಿತ್ರ. ಗುಡಿಸಲು ಗಡಿಮರಗಳ ಮಗ್ಗುಲಲ್ಲೇ, ಈಚೆ ಬದಿಗೆ ನಿಂತಿದೆ. ಮರಗಳು ಗಡಿಯ ಮೇಲಿದ್ದರೆ ಗವರ್ನರ್ ದಾಟಿಲ್ಲ, ಕ್ಷಮಾದಾನ ಬಿದ್ದುಹೋಗುತ್ತದೆ. ಮರುದಿನವೇ ಗುಡಿಸಲನ್ನು ಎಳೆದುಕೊಂಡು ಹೋದರು, ಮರಗಳು ಉಳಿದವು. ಎರಡೂ ರಾಜ್ಯದ ಮೀನುಗಾರಿಕೆ ಇಲಾಖೆಯವರು ಕಿತ್ತಾಡದಿರಲಿ ಎಂದು ಕೆಲ್ಸೋ ಊರಿನವರು ಪ್ರತಿ ಜನವರಿಯಲ್ಲೂ ಹಳೆಯ ಕ್ರಿಸ್‌ಮಸ್ ಮರಗಳನ್ನು ಗಡಿಯುದ್ದಕ್ಕೂ ನಿಲ್ಲಿಸುವ ರೂಢಿ. ಮರದ ಈಚೆ ನಮ್ಮದು, ಆಚೆ ಅವರದು. ಕೆಲ್ಸೋದಲ್ಲಿ ಹುಟ್ಟಿ ಬೆಳೆದ ಅರ್ಲೀನ್‌ಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸಮಿತಿಯ ತನಿಖೆಗಾರ್ತಿಯಾಗಿ ಬಂದು ಮರ ಎಲ್ಲಿದೆ ಎಂದು ಅಳೆದಳು, ಮುಗಿಸಿದಳು. ಮರ ಯಾವತ್ತಿನಿಂದ ಅಲ್ಲಿದೆ ಎಂದು ಕೇಳಲೇ ಇಲ್ಲ.

ಅವಳು ಬೂಟಿನಲ್ಲಿ ಹಿಮ ಕೆರೆಯುತ್ತಾ ಆಚೆ ದಡದ ಕಡೆ ನಡೆದಳು. ಮಾರ್ಚ್ ತಿಂಗಳ ಬಿಸಿಲಿಗೆ ಮಂಜುಗಡ್ಡೆಯ ಮೇಲೆ ನೀರು ನಿಂತಿತ್ತು, ಬೂಟು ಪಚಪಚ ಎನ್ನುತ್ತಿತ್ತು. ಕಲ್ಲೆಸೆದರೆ ಬೀಳುವ ದೂರವನ್ನೂ ದಾಟಿದ ಮೇಲೆ ಬೂಟಿಗೆ ಏನೋ ತಾಗಿತು. ಕೈಗವಸು ತೆಗೆದು ಹಿಮ ಸರಿಸಿದಳು.

ಮಂಜುಗಡ್ಡೆಯಲ್ಲಿ ಹೂತು ಕೂತಿದ್ದ ಮರದ ಬುಡ. ಮೇಲ್ಮೈಗೆ ಸಮವಾಗಿ ಗರಗಸದಲ್ಲಿ ಕುಯ್ದಿದ್ದರು. ಬೆರಳಿಗೆ ಅಂಟು ಹತ್ತಿತು.

ತೂತು ಕೊರೆದು ಮರ ನಿಲ್ಲಿಸಿ ನೀರು ಸುರಿದರೆ ರಾತ್ರಿ ಬೆಳಗಾಗುವುದರಲ್ಲಿ ಅದು ಕಲ್ಲಿನಂತೆ ಹಿಡಿದುಕೊಳ್ಳುತ್ತದೆ. ಆಮೇಲೆ ಕೀಳಲು ಆನೆಯಿಂದಲೂ ಆಗದು. ಸರಿಸಬೇಕಾದರೆ ಕುಯ್ಯಲೇಬೇಕು, ಬುಡ ಅಲ್ಲೇ ಉಳಿಯುತ್ತದೆ. ಇನ್ನೊಂದು ಬುಡ ಸಿಕ್ಕಿತು. ಮತ್ತೊಂದು. ನೆಟ್ಟಗೆ ಒಂದು ಸಾಲು, ಪೂರ್ತಿ ನೆರೆ ರಾಜ್ಯದ ನೀರಿನ ಮೇಲೆ.

ಅಂದರೆ ಆ ಶನಿವಾರ ಮರಗಳಿದ್ದದ್ದು ಇಲ್ಲಿ. ಮರದ ಮಗ್ಗುಲಲ್ಲಿ ಕೂತಿದ್ದ ಕ್ರೇಲ್ ತಾನು ಮನೆಯಲ್ಲೇ ಇದ್ದೇನೆಂದು ನಂಬಿ ನೆರೆ ರಾಜ್ಯದಲ್ಲಿ ಮೀನು ಹಿಡಿಯುತ್ತಿದ್ದರು. ಕ್ಷಮಾದಾನ ಸಿಂಧುವಾಗಿತ್ತು. ಐವಾ ಲೂಬಿಕ್ ಈ ಹೊತ್ತಿಗೆ ತನ್ನ ಅಮ್ಮನ ಅಡುಗೆಮನೆಯಲ್ಲಿರಬೇಕಾಗಿತ್ತು.

ಅರ್ಲೀನ್ ಹಿಮದಲ್ಲೇ ಕುಕ್ಕರಿಸಿದಳು.

ಐವಾಳನ್ನು ಎಳೆದೊಯ್ದ ದಿನ ಅರ್ಲೀನ್ ಅಲ್ಲಿಗೆ ಹೋಗಬೇಕಾದ ಕಾರಣವೇ ಇರಲಿಲ್ಲ. ಆದರೂ ಹೋಗಿ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದಳು. ಐವಾ ಅಡುಗೆಯ ಏಪ್ರನ್ ತೆಗೆಯಲೂ ಮರೆತು ಪೊಲೀಸ್ ಕಾರು ಹತ್ತಿದಳು. ಕಾರು ಹೋದ ಮೇಲೆ ಅವಳ ಅಮ್ಮ, ಮುದುಕಿ, ಒಂದು ಲೋಟ ಕಾಫಿ ಹಿಡಿದು ರಸ್ತೆ ದಾಟಿ ಬಂದು, ಎಷ್ಟು ಹೊತ್ತಿನಿಂದ ಚಳಿಯಲ್ಲಿ ನಿಂತಿದ್ದೀಯಮ್ಮಾ, ಕುಡಿ ಎಂದು ಅರ್ಲೀನಳ ಕೈಗೆ ಕೊಟ್ಟಳು. ಯಾವುದೋ ಒಳ್ಳೆಯ ಹೆಂಗಸು, ಮಗಳಿಗಾಗಿ ಮರುಗಿ ನಿಂತಿದ್ದಾಳೆ ಎಂದುಕೊಂಡಿತ್ತು ಆ ಜೀವ. ಅರ್ಲೀನ್ ಆ ಕಾಫಿಯನ್ನು ಕುಡಿದಿದ್ದಳು. ಬೇಡ ಎನ್ನುವ ಧೈರ್ಯ ಬಂದಿರಲಿಲ್ಲ. ಅವತ್ತಿನಿಂದ ಕಾಫಿ ಗಂಟಲಲ್ಲಿ ಇಳಿಯುತ್ತಿಲ್ಲ.

ಎದ್ದು ಬುಡಗಳ ಚಿತ್ರ ತೆಗೆದುಕೊಂಡಳು. ಆಮೇಲೆ ಸಮಿತಿಯ ಕಾರ್ಯದರ್ಶಿ ಮಿಸ್ ಅಬರ್ನಾಥಿಗೆ ಫೋನ್ ಮಾಡಿ, ಮರಗಳನ್ನು ಯಾರೋ ಕುಯ್ದು ಸರಿಸಿದ್ದಾರೆ, ಬುಡ ಸಿಕ್ಕಿದೆ, ಸದಸ್ಯರನ್ನು ಕಳುಹಿಸಿ ಎಂದಳು. ಸಾಕ್ಷ್ಯವನ್ನು ಎರಡೂ ಪಕ್ಷದ ಒಬ್ಬೊಬ್ಬ ಸದಸ್ಯರು ಕಣ್ಣಾರೆ ನೋಡಬೇಕು, ಇಬ್ಬರಿಗೂ ಒಂದೇ ಹೊತ್ತಿಗೆ ತಿಳಿಸಬೇಕು ಎಂಬುದು ನಿಯಮ. ತಿಳಿಸುತ್ತೇನೆ ಎಂದಳು ಅಬರ್ನಾಥಿ. ಆದರೆ ಹೊರಡುವುದು ನಾಳೆಯೇ. ಯಾರು ಯಾರ ಕಾರಿನಲ್ಲಿ ಕೂರಬೇಕು ಎನ್ನುವುದು ತೀರ್ಮಾನವಾಗಬೇಕಲ್ಲ ಎಂದು ನಿಟ್ಟುಸಿರು ಬಿಟ್ಟಳು.

ನಾಳೆಯವರೆಗೆ ಮಂಜುಗಡ್ಡೆ ತಡೆಯುತ್ತದೆ ಎಂದು ಅರ್ಲೀನ್ ಲೆಕ್ಕ ಹಾಕಿದಳು. ತಡೆಯಲೇಬೇಕು.

ಇನ್ನು ಕುಯ್ದವರು ಯಾರು? ಈ ನದಿಯ ಮೇಲೆ ಮರ ನಿಲ್ಲಿಸುವುದು ಊರಿನ ಅಗ್ನಿಶಾಮಕ ದಳ. ವರದಿಯಲ್ಲಿ ಅವಳೇ ಹಾಗೆ ಬರೆದಿದ್ದಳು. ದಳದ ನಾಯಕ ಯಾರೆಂದು ಬರೆದಿರಲಿಲ್ಲ. ಸಮಿತಿ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ದಳದ ನಾಯಕ ಅವಳ ತಮ್ಮ ವೆಂಡೆಲ್.

*

ಅಂದು ಶುಕ್ರವಾರ. ಈಸ್ಟರ್‌ಗೆ ಮುಂಚಿನ ಶುಕ್ರವಾರಗಳಲ್ಲಿ ಕೆಲ್ಸೋದ ಅಗ್ನಿಶಾಮಕ ಶೆಡ್ಡಿನಲ್ಲಿ ಊರಿಗೆಲ್ಲ ಹುರಿದ ಮೀನಿನ ಊಟ. ಕೆಂಪು ವಾಹನವನ್ನು ಹೊರಗೆ ನಿಲ್ಲಿಸಿ, ಒಳಗೆ ಉದ್ದನೆಯ ಮೇಜುಗಳನ್ನು ಹಾಕಿದ್ದರು. ವೆಂಡೆಲ್ ಒಬ್ಬನೇ ನಿಂತು ಮೀನಿನ ತುಂಡುಗಳನ್ನು ಹಿಟ್ಟಿನಲ್ಲಿ ಹೊರಳಿಸಿ ತಟ್ಟೆಗೆ ಜೋಡಿಸುತ್ತಿದ್ದ. ಮೊಣಕೈವರೆಗೂ ಹಿಟ್ಟು.

"ಕಾಫಿ ಇದೆ, ಹಾಕ್ಕೊ," ಎಂದ ತಲೆ ಎತ್ತದೆ. "ಸಂಜೆ ಊಟಕ್ಕೆ ಇರ್ತೀಯಾ, ಇಲ್ಲಾ ದೊಡ್ಡೋರ ಜೊತೆ ರಾಜಧಾನೀಲೇ ಉಣ್ತೀಯಾ?"

ಅರ್ಲೀನ್ ಕಾಫಿ ಹಾಕಿಕೊಳ್ಳಲಿಲ್ಲ. ಮೊಬೈಲನ್ನು ಹಿಟ್ಟಿನ ಪಕ್ಕದಲ್ಲಿಟ್ಟಳು.

"ಮರ ಗಿಡ್ಡ ಆಗಿದೆ ವೆಂಡೆಲ್."

"ಬಿಸಿಲಿಗೆ ಒಣಗಿರ್ಬೇಕು."

"ಒಣಗಿದ್ರೆ ಎಲೆ ಉದುರತ್ತೆ. ಬುಡ ಎದ್ದು ಆಚೆ ದಡಕ್ಕೆ ನಡ್ಕೊಂಡು ಹೋಗಲ್ಲ."

ವೆಂಡೆಲ್ ಇನ್ನೂ ಎರಡು ತುಂಡು ಹೊರಳಿಸಿದ. ಮೂರನೆಯದನ್ನು ಕೈಯಲ್ಲಿ ಹಿಡಿದು ಹಾಗೇ ನಿಂತ. ಚಿಕ್ಕಂದಿನಿಂದ ಅವನಿಗೆ ಸುಳ್ಳು ಹೇಳಲು ಬಾರದು, ಕಿವಿ ಕೆಂಪಾಗಿಬಿಡುತ್ತದೆ. ಈಗ ಎರಡೂ ಕೆಂಪಗಾಗಿದ್ದವು.

ಅವನು ಹೇಳಿದ್ದು ಇಷ್ಟು. ಅಜ್ಜನ ಕಾಲದಿಂದಲೂ ಗಡಿಯ ಸಾಲು ಹಿಡಿಯುವುದು ಕಣ್ಣಳತೆಯಲ್ಲೇ. ಮೇಲಿನ ಸೇತುವೆಯ ಬಳಿ ನಿಂತು, ತಿರುವಿನಾಚೆ ಕಾಣುವ ಚರ್ಚಿನ ಗೋಪುರಕ್ಕೂ ಅದರ ಹಿಂದಿನ ಧಾನ್ಯದ ಎತ್ತರದ ಉಗ್ರಾಣಕ್ಕೂ ಕಣ್ಣು ಹೊಂದಿಸಿದರೆ ಗಡಿ ಸಿಗುತ್ತದೆ. ಯಾವತ್ತೂ ತಪ್ಪಿದ್ದಿಲ್ಲ. ಆ ಉಗ್ರಾಣವನ್ನು ಹೋದ ಶರತ್ಕಾಲದಲ್ಲಿ ಕೆಡವಿದರು. ಅದರ ಪಕ್ಕದಲ್ಲೇ ಹೊಸ ನೀರಿನ ಟ್ಯಾಂಕು ಎದ್ದಿತ್ತು, ಬಣ್ಣವೂ ಅದೇ ಬೂದು. ಜನವರಿಯಲ್ಲಿ ಹಿಮ ಸುರಿಯುತ್ತಿದ್ದಾಗ ವೆಂಡೆಲ್ ಅಭ್ಯಾಸಬಲದಿಂದ ಟ್ಯಾಂಕಿಗೆ ಕಣ್ಣು ಹೊಂದಿಸಿಬಿಟ್ಟ. ಸಾಲು ಪೂರ್ತಿ ಆಚೆ ವಾಲಿತು. ಊರಲ್ಲಿ ಒಬ್ಬರಿಗೂ ಗೊತ್ತಾಗಲಿಲ್ಲ. ಮರ ಇದ್ದಲ್ಲಿ ಗಡಿ, ಅಷ್ಟೇ ಅವರಿಗೆ ಗೊತ್ತು.

"ಸರಿ, ತಪ್ಪು ನೆಟ್ಟೆ. ಅದು ಅಪರಾಧ ಅಲ್ಲ. ಯಾಕೋ ಕುಯ್ದೆ?"

"ನೀನು ಅಳೆಯೋಕ್ ಬರ್ತಿದ್ಯಲ್ಲ."

ಅರ್ಲೀನ್ ಕಣ್ಣು ಮುಚ್ಚಿಕೊಂಡಳು. ಹೌದು, ಫೋನ್ ಮಾಡಿದ್ದಳು. ಅಳತೆಯ ಹಿಂದಿನ ದಿನ, ಕಾರಿನಲ್ಲಿ ಬರುತ್ತಾ, ತಮ್ಮನನ್ನು ರೇಗಿಸಲು. ನಾಳೆ ಬರ್ತಿದೀನಿ, ನಿನ್ನ ಸಾಲು ನೆಟ್ಟಗಿದ್ಯೋ ಸೊಟ್ಟಗಿದ್ಯೋ ಇಡೀ ದೇಶಕ್ಕೆ ತೋರಿಸ್ತೀನಿ ಎಂದು ನಕ್ಕಿದ್ದಳು. ಸಾಕ್ಷಿಗೆ ಮುಂಚಿತವಾಗಿ ಸುಳಿವು ಕೊಡಬಾರದು ಎಂದು ಹೊಸಬರಿಗೆ ಪಾಠ ಹೇಳುವವಳು ಅವಳೇ. ತಮ್ಮ ಎಂಬ ಸಲಿಗೆಯಲ್ಲಿ ಎಲ್ಲ ಮರೆತಿದ್ದಳು.

"ನಂಗೆ ನಾಚ್ಕೆ ಆಯ್ತು," ಎಂದ ವೆಂಡೆಲ್. "ಅಜ್ಜ ಒಂದ್ ಸಲಾನೂ ತಪ್ಪಿರ್ಲಿಲ್ಲ, ಅಪ್ಪ ತಪ್ಪಿರ್ಲಿಲ್ಲ. ನಾನು ತಪ್ಪಿದೆ ಅಂತ ಟೀವೀಲಿ ಬರತ್ತಲ್ಲ ಅಂತ. ಗರಗಸ ತಗೊಂಡ್ ಹೋಗಿ ಸರಿ ಮಾಡಿದೆ. ಸೊಟ್ಟಗಿದ್ದಿದ್ದು ನೆಟ್ಟಗಾಯ್ತು, ಯಾರಿಗೇನ್ ನಷ್ಟ ಅಂದ್ಕೊಂಡೆ."

"ಐವಾ ಲೂಬಿಕ್‌ಗೆ ನಷ್ಟ."

"ಗೊತ್ತು." ಅವನ ದನಿ ಇಳಿಯಿತು. "ಅವ್ಳನ್ನ ಕರ್ಕೊಂಡ್ ಹೋಗಿದ್ದು ಟೀವೀಲಿ ನೋಡ್ದೆ. ಏಪ್ರನ್ ಹಾಕ್ಕೊಂಡೇ ಇದ್ಲಲ್ಲ. ನಿಂಗೆ ಹೇಳೋಣ ಅಂತ ಅವತ್ತೇ ಫೋನ್ ಎತ್ತಿದ್ದೆ ಲೀನಿ. ಡಾಟಿ ನನ್ ಕೈಯಿಂದ ಕಿತ್ತು ಒಳಗಿಟ್ಟುಬಿಟ್ಲು. ನಮ್ ಮನೆ ಯಾರ್ ನೋಡ್ಕೋತಾರೆ ಅಂತ ಅತ್ಲು."

ಡಾಟಿ ಅವನ ಹೆಂಡತಿ. ಅವಳ ತಪ್ಪೇನಿಲ್ಲ. ವಿಚಾರಣೆಗೆ ಬೇಕಾದ ಸಾಕ್ಷ್ಯ ತಿರುಚಿದವರಿಗೆ ಈ ರಾಜ್ಯದಲ್ಲಿ ಜೈಲು ಗ್ಯಾರಂಟಿ. ವೆಂಡೆಲ್‌ನ ಹಾರ್ಡ್‌ವೇರ್ ಅಂಗಡಿ, ದಳದ ನಾಯಕತ್ವ, ಎಲ್ಲ ಹೋದ ಹಾಗೆಯೇ. ಅರ್ಲೀನ್ ಅದನ್ನು ಮುಚ್ಚಿಡದೆ ಹೇಳಿದಳು. ನಾಳೆ ಸದಸ್ಯರು ಬುಡ ನೋಡುತ್ತಾರೆ, ಯಾರು ಕುಯ್ದದ್ದು ಎಂದು ಕೇಳುತ್ತಾರೆ, ನೀನೇ ಎದ್ದು ಹೇಳಿದರೆ ಶಿಕ್ಷೆ ಕಡಿಮೆಯಾಗಬಹುದು ಎಂದಳು. ಹೇಳುವಾಗ ತನ್ನ ದನಿ ಸರ್ಕಾರಿ ಸುತ್ತೋಲೆಯಂತೆ ಒಣಗಿರುವುದು ಅವಳಿಗೇ ಕೇಳಿಸಿತು. ತಾನು ಬಾಯಿ ಹಿಡಿದಿದ್ದರೆ ಇವನು ಗರಗಸ ಮುಟ್ಟುತ್ತಿರಲಿಲ್ಲ. ಒಂದು ತಮಾಷೆಗೆ ಇಬ್ಬರು ಜೈಲಿಗೆ.

"ನನ್ನಿಂದ ಆಗಿದ್ದು ಇದು," ಎಂದಳು. "ನಾನು ಫೋನ್ ಮಾಡ್ಬಾರ್ದಿತ್ತು."

ವೆಂಡೆಲ್ ಮೊದಲ ಸಲ ಅವಳ ಮುಖ ನೋಡಿದ.

"ನೀನೇ ಮೊದ್ಲು ಅಂದ್ಕೊಂಡ್ಯಾ? ನಿನಗಿಂತ ಮುಂಚೆ ಇನ್ನೊಂದ್ ಫೋನ್ ಬಂದಿತ್ತು."

ಅದೇ ದಿನ ಬೆಳಿಗ್ಗೆ ಅಂಗಡಿಗೆ ಒಬ್ಬ ಹೆಂಗಸು ಫೋನ್ ಮಾಡಿದ್ದಳಂತೆ. ಹೆಸರು ಹೇಳಲಿಲ್ಲ. ಬಹಳ ಮರ್ಯಾದೆಯ ಮಾತು, ಮಿಸ್ಟರ್ ಟೊರ್ವಿಕ್ ಎಂದೇ ಕರೆದಳು. ಉಗ್ರಾಣ ಕೆಡವಿದ್ದು ಅವಳಿಗೆ ಗೊತ್ತಿತ್ತು. ಟ್ಯಾಂಕು ನೋಡಿ ಸಾಲು ಹಿಡಿದಿರಬೇಕಲ್ಲವೇ, ಯಾರಿಗಾದರೂ ಆಗುವ ತಪ್ಪೇ ಎಂದಳಂತೆ. ನಾಳೆ ಅಳತೆಗೆ ಬರುತ್ತಾರೆ, ನಿಮ್ಮ ಊರು ನಗೆಪಾಟಲಾಗುವುದು ನನಗಿಷ್ಟವಿಲ್ಲ, ಇವತ್ತೇ ಸರಿ ಮಾಡಿಬಿಡಿ ಎಂದು ಹೇಳಿ, ಗಡಿ ಎಲ್ಲಿ ಬರುತ್ತದೆಂದು ಅವಳೇ ಅಂಕಿ ಸಮೇತ ಬರೆಸಿದಳಂತೆ.

"ಅವ್ಳು ಫೋನ್ ಇಟ್ಟಿದ್ದೇ ಗರಗಸಕ್ಕೆ ಪೆಟ್ರೋಲ್ ಹಾಕಿದೆ ನಾನು. ಆಮೇಲೆ ನಿನ್ ಫೋನ್ ಬಂತು."

ಅರ್ಲೀನಳ ಎದೆಯಿಂದ ಒಂದು ಚಪ್ಪಡಿ ಕಲ್ಲು ಇಳಿದ ಹಾಗಾಯಿತು. ತನ್ನಿಂದಲ್ಲ. ತನ್ನ ಫೋನಿನಿಂದಲ್ಲ. ಮರುಗಳಿಗೆಯಲ್ಲೇ ಆ ಹಗುರದ ಬಗ್ಗೆ ಹೇಸಿಗೆಯಾಯಿತು. ಹೆಂಗಸೊಬ್ಬಳು ಜೈಲಿನಲ್ಲಿ ಕೂತಿದ್ದಾಳೆ, ಸ್ವಂತ ತಮ್ಮ ಜೈಲಿಗೆ ಹೋಗುವುದರಲ್ಲಿದ್ದಾನೆ, ಇವಳಿಗೆ ತನ್ನ ಕೈ ತೊಳೆದುಕೊಂಡ ಸಮಾಧಾನ. ಥೂ ಎನ್ನಿಸಿತು.

ಆದರೂ ತಲೆ ಓಡತೊಡಗಿತು. ಅಳತೆಗೆ ಬರುವ ವಿಷಯ ಅಂದು ಗೊತ್ತಿದ್ದದ್ದು ಸಮಿತಿಗೆ ಮಾತ್ರ. ಸಮಿತಿಗೆ ಎಂದರೆ ಎರಡೂ ಪಕ್ಷಕ್ಕೆ. ಐವಾ ಒಳಗೇ ಇದ್ದರೆ ಲಾಭ ಯಾರಿಗೆ? ಇದಕ್ಕೆ ಎಳೆಮಗುವೂ ಉತ್ತರ ಹೇಳೀತು: ಗವರ್ನರ್ ಕ್ರೇಲ್‌ಗೆ. ಸೀಸದ ವರದಿ ಮುಚ್ಚಿಟ್ಟವರು ಅವರು. ಮರಗಳು ನೆಟ್ಟಗಾದರೆ ಗೆಲ್ಲುವವರು ಅವರು. ಫೋನ್ ಮಾಡಿದ ದನಿ ಅವರ ಕಚೇರಿಯದೇ ಇರಬೇಕು.

ಹಾಗಿದ್ದರೆ ಉಪ ಗವರ್ನರ್ ಪ್ರೆಂಟಿಸ್‌ಗೆ ಈ ಸುದ್ದಿ ಹಬ್ಬ. ಬುಡಗಳನ್ನು ಕಾಯಲು ಅವರ ಪಕ್ಷದವರೇ ಓಡಿ ಬರುತ್ತಾರೆ. ಅರ್ಲೀನ್‌ಗೆ ಸ್ವಲ್ಪ ಧೈರ್ಯ ಬಂತು. ವೆಂಡೆಲ್‌ಗೂ ಹಾಗೆಯೇ ಹೇಳಿದಳು. ಅವನು ತಲೆಯಾಡಿಸಿ, ಒಳ್ಳೇದು, ನಾನೇ ಹೇಳ್ತೀನಿ, ಇಷ್ಟು ದಿನ ನಿದ್ದೆ ಇಲ್ಲದೆ ಸಾಕಾಗಿದೆ ಎಂದ. ಅಕ್ಕತಮ್ಮ ಇಬ್ಬರೂ ಪಕ್ಕ ಪಕ್ಕ ನಿಂತು ಉಳಿದ ಮೀನಿಗೆ ಹಿಟ್ಟು ಹಚ್ಚಿದರು.

*

ಹೊರಗೆ ಕಾರು ನಿಂತ ಸದ್ದಾಯಿತು. ಒಳಗೆ ಬಂದದ್ದು ಪೊಲೀಸ್ ಅಧಿಕಾರಿ ಶೆರಿಫ್‌ನ ಡೆಪ್ಯುಟಿ ಡೇಲ್ ಅಮುಂಡ್. ಅದೇ ಊರಿನವನು, ಪ್ರತಿ 'ಮೀನು ಶುಕ್ರವಾರ' ಎರಡು ತಟ್ಟೆ ಹೊಡೆಯುವವನು. ಇವತ್ತು ಟೋಪಿ ತೆಗೆದು ಎರಡು ಕೈಯಲ್ಲೂ ಹಿಡಿದು, ಕಣ್ಣು ತಪ್ಪಿಸಿ ನಿಂತ.

"ನದಿ ಮುಚ್ಬೇಕಂತೆ," ಎಂದ. "ಈಗಿಂದೀಗ. ಒಬ್ರೂ ಮಂಜುಗಡ್ಡೆ ಮೇಲೆ ಕಾಲಿಡೋ ಹಾಗಿಲ್ಲ. ಸೇತುವೆಗೆ ಅಪಾಯ ಅಂತ ಗಡ್ಡೆ ಒಡೆಯೋ ದೋಣೀನೂ ಹೊರಟಿದೆ, ಸಂಜೆ ಒಳಗೆ ಇಲ್ಲಿರತ್ತೆ. ರಾಜಧಾನಿಯಿಂದ ಆದೇಶ."

ಅರ್ಲೀನ್‌ಗೆ ಎಲ್ಲಿಲ್ಲದ ಸಿಟ್ಟು ಬಂತು. ಕ್ರೇಲ್ ಎಷ್ಟು ಚುರುಕು! ಅಬರ್ನಾಥಿ ಸದಸ್ಯರಿಗೆ ತಿಳಿಸಿ ಇನ್ನೂ ಅರ್ಧ ದಿನವಾಗಿಲ್ಲ, ಬುಡಗಳನ್ನು ನದಿಗೆ ಹಾಕಲು ಹೊರಟರಲ್ಲ. ಗವರ್ನರ್‌ಗೆ ಹೇಳು, ಇದು ವಿಚಾರಣೆಯ ಸಾಕ್ಷ್ಯ, ಅದನ್ನು ಮುಟ್ಟಿದರೆ ಅವರನ್ನೇ ಕಟಕಟೆಗೆ ಎಳೆಯುತ್ತೇನೆ ಎಂದಳು.

"ಗವರ್ನರ್ ಇಲ್ಲಿಲ್ಲ ಮೇಡಂ," ಎಂದ ಅಮುಂಡ್. "ಬೆಳಿಗ್ಗೇನೇ ವಾಷಿಂಗ್ಟನ್‌ಗೆ ವಿಮಾನ ಹತ್ತಿದ್ರಂತೆ."

ಅರ್ಲೀನ್ ಅವನ ಕೈಯಿಂದ ಕಾಗದ ತೆಗೆದುಕೊಂಡಳು. ಕೆಳಗೆ ಅಂದವಾದ ದುಂಡು ಸಹಿ. ಮಾರ್ವಾ ಪ್ರೆಂಟಿಸ್, ಹಂಗಾಮಿ ಗವರ್ನರ್.

ಓದಿದಳು. ಮತ್ತೆ ಓದಿದಳು. ಐವಾಳನ್ನು ಬಿಡಿಸಿದ ಸಹಿಯೂ ಇದೇ.

"ಇನ್ನೊಂದಿದೆ," ಎಂದು ಅಮುಂಡ್ ಲಕೋಟೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಇದು ವೆಂಡೆಲ್‌ಗೆ. ಒಪ್ಕೊಂಡೆ ಅಂತ ಕೆಳಗೆ ಸಹಿ ಬೇಕಂತೆ. ಹಾಕಿದ್ರೂ ಹಾಕ್ದಿದ್ರೂ ಕಾಗದ ನನ್ ಕೈಯಲ್ಲೇ ವಾಪಸ್ ಹೋಗ್ಬೇಕಂತೆ. ಏನು ಎತ್ತ ಅಂತ ನನ್ ಕೇಳ್ಬೇಡಿ."

ವೆಂಡೆಲ್‌ನ ಕೈ ಹಿಟ್ಟಾಗಿತ್ತು. ಅರ್ಲೀನಳೇ ಒಡೆದು ಓದಿದಳು. ಕೆಲ್ಸೋ ಊರಿನ ವೆಂಡೆಲ್ ಟೊರ್ವಿಕ್, ನದಿಯ ಗಡಿಮರಗಳ ವಿಷಯದಲ್ಲಿ ಮಾಡಿದ ಅಥವಾ ಮಾಡಿರಬಹುದಾದ ಎಲ್ಲ ಅಪರಾಧಗಳಿಗೂ ಪೂರ್ಣ ಕ್ಷಮಾದಾನ. ಈ ವಿಷಯದಲ್ಲಿ ಅವನು ಯಾರ ಮುಂದೆಯೂ, ಯಾವ ವಿಚಾರಣೆಯಲ್ಲಿಯೂ ಹೇಳಿಕೆ ಕೊಡದಿರುವ ಷರತ್ತಿನ ಮೇಲೆ.

ಅರ್ಲೀನ್ ಕಾಗದವನ್ನು ಮೇಜಿನ ಮೇಲಿಟ್ಟಳು. ಬೆಳಿಗ್ಗೆ ಫೋನಿನಲ್ಲಿ ಮರ ಸರಿಸಿದ್ದಾರೆ ಎಂದಿದ್ದಳೇ ಹೊರತು ಯಾರು ಎಂದಿರಲಿಲ್ಲ. ಅವಳಿಗೇ ಆಗ ಗೊತ್ತಿರಲಿಲ್ಲ. ವೆಂಡೆಲ್ ಕುಯ್ದದ್ದು ಗೊತ್ತಿದ್ದದ್ದು ವೆಂಡೆಲ್‌ಗೆ, ಡಾಟಿಗೆ, ಕುಯ್ಯಲು ಹೇಳಿದವಳಿಗೆ. ಅಂದರೆ ಅಂಗಡಿಗೆ ಬಂದ ಆ ಫೋನು ಪ್ರೆಂಟಿಸ್ ಕಡೆಯದು.

ರಾಜಧಾನಿಯ ದಾರಿಯಲ್ಲಿ ಕಂಬಕ್ಕೊಂದರಂತೆ ಅಂಟಿಸಿದ್ದ ಐವಾಳ ಮುಖ ಈಗ ಅವಳ ಕಣ್ಣಿಗೆ ಕಟ್ಟಿತು. ಪ್ರೆಂಟಿಸ್ ಪಕ್ಷದ ಚುನಾವಣಾ ಪೋಸ್ಟರು. ಹೊರಗಿದ್ದ ಐವಾ ಹತ್ತು ದಿನದ ಸುದ್ದಿ. ಒಳಗಿರುವ ಐವಾ ನವೆಂಬರ್ ಚುನಾವಣೆಯವರೆಗೂ ಓಟು. ಬಿಡಿಸಿದ ಕೀರ್ತಿಯೂ ಬಂತು, ಅವಳು ವಾಪಸು ಹೋದದ್ದರಿಂದ ಕ್ರೇಲ್‌ಗೆ ಕೆಟ್ಟ ಹೆಸರೂ ಬಂತು. ಎರಡೂ ಪಕ್ಷಕ್ಕೂ ಆ ಹುಡುಗಿ ಒಳಗೇ ಇರಬೇಕು. ಸತ್ಯವನ್ನು ಯಾರ ಕೈಗೆ ಕೊಡುವುದು?

ಬೇಡ ಎಂದು ವೆಂಡೆಲ್ ತಲೆ ಅಲ್ಲಾಡಿಸಿದರೆ ಸಾಕು. ಬುಡಗಳು ಮುಳುಗಿದರೂ ಅವನ ಬಾಯಿ ಉಳಿಯುತ್ತದೆ. ಅವನ ಮಾತಿನಿಂದ ಐವಾ ಮನೆಗೆ ಬರುತ್ತಾಳೆ, ಅವನು ಅವಳ ಜಾಗಕ್ಕೆ ಹೋಗುತ್ತಾನೆ.

ವೆಂಡೆಲ್ ಕೈ ಒರೆಸಿಕೊಂಡು ಅಮುಂಡ್ ಕೊಟ್ಟ ಪೆನ್ನು ಹಿಡಿದಿದ್ದ.

"ನಂಗಿದೆಲ್ಲ ಅರ್ಥ ಆಗಲ್ಲ ಲೀನಿ," ಎಂದ. "ನೀ ಹೇಳು. ಬೇಡ ಅಂದ್ರೆ ಹಾಕಲ್ಲ."

ಕೆಳಗಿನ ತಿರುವಿನಲ್ಲಿ ದೋಣಿಯ ಹಾರನ್ನು ಕೇಳಿಸಿತು. ಅರ್ಲೀನ್ ಬೇಡ ಎನ್ನಲು ಬಾಯಿ ತೆರೆದಳು. ಒಂದೇ ಪದ, ನಾಲಿಗೆಯ ತುದಿಯಲ್ಲೇ ಇತ್ತು, ಹೊರಗೆ ಬರಲಿಲ್ಲ.

ವೆಂಡೆಲ್ ಅವಳ ಮುಖವನ್ನೇ ನೋಡುತ್ತಾ ಸ್ವಲ್ಪ ಹೊತ್ತು ಕಾದ. ಆಮೇಲೆ, ಅಕ್ಕನ ಉತ್ತರ ಅದೇ ಎಂದುಕೊಂಡು, ಪೆನ್ನಿನ ಮುಚ್ಚಳ ತೆಗೆದ.